ಲಕ್ವ ಹೊಡೆದು ಮಾತು ನಿಂತವರ ಜಮೀನು, ಬ್ಯಾಂಕ್ ಖಾತೆ: ಗಾರ್ಡಿಯನ್ ಆಗುವುದು ಹೇಗೆ? ಹಳೇ ಜಿಪಿಎ ನಡೆಯುತ್ತಾ?

ಮಾಲೂರು_ಕಡೆಯವ

ದೊಡ್ಡಪ್ಪನವರ ಮನೆ ವಿಷಯ. ತಿಳಿದವರು ದಯವಿಟ್ಟು ಹೇಳಿ.

ವಯಸ್ಸು 71, ನಿವೃತ್ತ ಸರ್ಕಾರಿ ನೌಕರರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿವೆ, ಮಾತು ಪೂರ್ತಿ ನಿಂತಿದೆ. ಪಹಣಿ ಅವರೊಬ್ಬರ ಹೆಸರಲ್ಲಿದೆ, 2 ಎಕರೆ 14 ಗುಂಟೆ. ಅದರಲ್ಲಿ ಒಂದು ಎಕರೆ ಅವರೇ ಕೊಂಡದ್ದು, ಉಳಿದದ್ದು ತಾತನ ಕಾಲದ್ದು. ಪಿಂಚಣಿ ಬರುವ ಖಾತೆಯೂ ಅವರೊಬ್ಬರದೇ. 6 ಲಕ್ಷದ ಎಫ್‌ಡಿ ಮಾತ್ರ ದೊಡ್ಡಮ್ಮನ ಜೊತೆ ಜಂಟಿ.

2021ರಲ್ಲಿ ದೊಡ್ಡ ಮಗನಿಗೆ ರಿಜಿಸ್ಟರ್ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಕೊಟ್ಟಿದ್ದರು. ಆತ ಈಗ ಆಸ್ಪತ್ರೆ ಖರ್ಚಿಗೆ ಅಂತ ಹೇಳಿ ಜಮೀನಿಗೆ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ. ಚಿಕ್ಕ ಮಗ, ಮಗಳು ಒಪ್ಪುತ್ತಿಲ್ಲ. ಬ್ಯಾಂಕಿನವರು ಕೋರ್ಟ್ ಆರ್ಡರ್ ತನ್ನಿ ಅನ್ನುತ್ತಾರೆ. ತಾಲ್ಲೂಕು ಆಫೀಸ್ ಹತ್ತಿರ ಒಬ್ಬರು, ತಹಶೀಲ್ದಾರ್ ಗಾರ್ಡಿಯನ್ ಸರ್ಟಿಫಿಕೇಟ್ ಕೊಡ್ತಾರೆ, ಮಾಡಿಸಿಕೊಡ್ತೀನಿ ಅಂತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ತುಮಕೂರು_ಸಿವಿಲ್

ಮೊದಲು ಆ ಕೊನೆಯ ಮಾತಿಗೆ ಉತ್ತರ. ವಯಸ್ಕರೊಬ್ಬರ ಆಸ್ತಿಗೆ ಗಾರ್ಡಿಯನ್ ನೇಮಿಸುವ ಅಧಿಕಾರ ತಹಶೀಲ್ದಾರರಿಗೆ ಇಲ್ಲ. ಅವರು ಕೊಡುವುದು ವಂಶವೃಕ್ಷ, ಆದಾಯ ಪ್ರಮಾಣಪತ್ರ, ಇಂಥವು. ಮಾಡಿಸಿಕೊಡ್ತೀನಿ ಅನ್ನುವವರಿಗೆ ದುಡ್ಡು ಕೊಡಬೇಡಿ.

ಎರಡನೆಯದು, ಗಾರ್ಡಿಯನ್ ಅಂದಕೂಡಲೇ ಎಲ್ಲರೂ ಹೇಳುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ 18 ತುಂಬದವರಿಗೆ ಮಾತ್ರ. ಅದರಡಿ ಹಾಸಿಗೆ ಹಿಡಿದ ತಂದೆಗೆ ಅರ್ಜಿ ಹಾಕಿದರೆ ಒಂದೆರಡು ವರ್ಷ ವಾಯಿದೆ ತಿರುಗಿ, ಕೊನೆಗೆ ಇದು ಇಲ್ಲಿ ನಡೆಯುವುದಿಲ್ಲ ಅಂತ ವಜಾ ಆಗುತ್ತದೆ. ನಮ್ಮ ಜಿಲ್ಲಾ ಕೋರ್ಟ್‌ಗಳಲ್ಲಿ ಈ ತಪ್ಪು ಈಗಲೂ ಕಾಣುತ್ತದೆ.

1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ಮ್ಯಾನೇಜರ್ ನೇಮಿಸುವ ದಾರಿ ಇತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಆ ಅಧ್ಯಾಯವೇ ಇಲ್ಲ. ಹೊಸ ಕಾಯ್ದೆಯ ಕಲಂ 14ರ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ತೀರ್ಮಾನಕ್ಕೆ ಮಾತ್ರ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಕಳಿಸುವುದು ಸರಿಯೂ ಹೌದು.

ಹಾಗಾಗಿ ಈಗ ಯಾವ ಬಾಗಿಲು ಅನ್ನುವುದನ್ನು ಕಾಯಿಲೆಯೇ ತೀರ್ಮಾನಿಸುತ್ತದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಆದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಡಿಸಿ ಆಫೀಸಿನ ಸ್ಥಳೀಯ ಮಟ್ಟದ ಸಮಿತಿ. ಬೇರೆ ಅಂಗವೈಕಲ್ಯ ಇದ್ದು, ನೆರವು ಕೊಟ್ಟರೂ ಸ್ವಂತ ತೀರ್ಮಾನ ಮಾಡಲು ಆಗದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಂ 14ರಡಿ ಸೀಮಿತ ಗಾರ್ಡಿಯನ್, ಅದಕ್ಕೆ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಅಧಿಸೂಚಿಸಿದ ಪ್ರಾಧಿಕಾರ. ಕೋಮಾದಲ್ಲಿದ್ದವರಿಗೆ ಯಾವ ಕಾಯ್ದೆಯೂ ನೇರವಾಗಿ ಹೊಂದುವುದಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರಕ್ಕೂ ಬೆಂಗಳೂರಿನ ಪ್ರಧಾನ ಪೀಠ.

ನಿಮ್ಮ ದೊಡ್ಡಪ್ಪನವರ ಬಗ್ಗೆ ನೀವು ಬರೆದದ್ದರಲ್ಲಿ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಮಾತು ನಿಂತಿದೆ ಅಂದಿರಿ. ತಿಳಿವಳಿಕೆ ಇದೆಯೋ ಇಲ್ಲವೋ?

ಮಾಲೂರು_ಕಡೆಯವ

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಮಾತನಾಡುವ ಸ್ಥಿತಿಯಲ್ಲಿಲ್ಲ' ಅಂತ ಇದೆ ಸರ್. ದೊಡ್ಡ ಮಗ 'ಅಪ್ಪನಿಗೆ ಏನೂ ತಿಳಿಯಲ್ಲ' ಅಂತಾರೆ. ದೊಡ್ಡಮ್ಮ 'ಎಲ್ಲಾ ತಿಳಿಯುತ್ತೆ, ಕಣ್ಣಲ್ಲಿ ನೀರು ಬರುತ್ತೆ' ಅಂತಾರೆ.

ತುಮಕೂರು_ಸಿವಿಲ್

ಅದನ್ನು ಪರೀಕ್ಷೆ ಮಾಡಿಸುವ ತನಕ ಯಾವ ಅರ್ಜಿಗೂ ಸಹಿ ಹಾಕಿಸಬೇಡಿ. ಅಷ್ಟರಲ್ಲಿ ಜಮೀನು ಕೈತಪ್ಪದಂತೆ ನೋಡಿಕೊಳ್ಳುವ ಕೆಲಸ ಬೇರೆ ಇದೆ, ಅದನ್ನು ಕೆಳಗೆ ಬರೆಯುತ್ತೇನೆ. ಬ್ಯಾಂಕಿನ ವಿಷಯ ತಿಳಿದವರು ಹೇಳಲಿ.

ಪಾಸ್‌ಬುಕ್_ಕೋಲಾರ

ಬ್ಯಾಂಕಿನ ಕಡೆಯಿಂದ ಹೇಳುತ್ತೇನೆ. ಕೌಂಟರಿನಲ್ಲಿ ಎಲ್ಲಕ್ಕೂ 'ಕೋರ್ಟ್ ಆರ್ಡರ್' ಅಂದುಬಿಡುವುದು ತಪ್ಪು. ಖಾತೆದಾರ ಕಾಯಿಲೆಯಿಂದ ಸಹಿ ಹಾಕಲಾರದೆ, ಬ್ಯಾಂಕಿಗೂ ಬರಲಾರದೆ ಇದ್ದರೆ ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಚೆಕ್ಕಿಗೆ ಅಥವಾ ವಿತ್‌ಡ್ರಾಯಲ್ ಫಾರಂಗೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳ ಗುರುತು. ಅದನ್ನು ಗುರುತಿಸಲು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಹೆಬ್ಬೆಟ್ಟೂ ಆಗದಿದ್ದರೆ ಒಂದು ಗುರುತು ಹಾಕಿಸಬಹುದು, ಅದಕ್ಕೂ ಇಬ್ಬರು ಸಾಕ್ಷಿ. ದುಡ್ಡು ಯಾರ ಕೈಗೆ ಕೊಡಬೇಕು ಅನ್ನುವುದನ್ನು ಖಾತೆದಾರರೇ ತಿಳಿಸಬೇಕು, ಆ ವ್ಯಕ್ತಿಯನ್ನೂ ಸಾಕ್ಷಿಗಳು ಗುರುತಿಸಬೇಕು. 70 ದಾಟಿದವರಿಗೆ ಮನೆ ಬಾಗಿಲಿನ ಸೇವೆ ಕೊಡಬೇಕು ಅಂತಲೂ ಸೂಚನೆ ಇದೆ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಿ ಮಾತಿಗೆ 'ಆಗಲ್ಲ' ಅನ್ನುವವರು ಬರವಣಿಗೆ ಕಂಡರೆ ನಿಯಮ ತೆಗೆದು ನೋಡುತ್ತಾರೆ.

ಆದರೆ ಒಂದು ವಿಷಯ ಎಲ್ಲರೂ ಗಟ್ಟಿಯಾಗಿ ತಿಳಿಯಬೇಕು. ಈ ನಿಯಮ ಕೈ ಸೋತವರಿಗೆ, ತಿಳಿವಳಿಕೆ ಹೋದವರಿಗೆ ಅಲ್ಲ. ಲಕ್ವ ಹೊಡೆದ ಕೈ ಮುಷ್ಟಿ ಕಟ್ಟಿಕೊಂಡಿರುತ್ತದೆ. ಒಬ್ಬರು ಮಣಿಕಟ್ಟು ಹಿಡಿದು, ಇನ್ನೊಬ್ಬರು ಬೆರಳು ಬಿಡಿಸಿ, ಇಂಕ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಉರುಳಿಸುತ್ತಾರೆ. ಮಲಗಿದವರು ಸೂರು ನೋಡುತ್ತಿರುತ್ತಾರೆ. ಅದು ಅವರ ಹೆಬ್ಬೆಟ್ಟು ಅಲ್ಲ, ಒತ್ತಿದವರದ್ದು. ಆ ವೋಚರಿಗೆ ಸಾಕ್ಷಿ ಹಾಕಿದ ಅಧಿಕಾರಿ ಮುಂದೆ ವಿಚಾರಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಎಫ್‌ಡಿ ಬಗ್ಗೆ: ಜಂಟಿ ಅಂದರೆ ಸಾಲದು, ರಸೀತಿಯ ಮೇಲೆ 'ಈದರ್ ಆರ್ ಸರ್ವೈವರ್' ಅಂತ ಇದೆಯೋ, 'ಫಾರ್ಮರ್ ಆರ್ ಸರ್ವೈವರ್' ಅಂತ ಇದೆಯೋ ನೋಡಿ. ಮೊದಲನೆಯದಾದರೆ ಅವಧಿ ಮುಗಿದ ದಿನ ದೊಡ್ಡಮ್ಮ ಒಬ್ಬರೇ ಸಹಿ ಹಾಕಿ ತೆಗೆಯಬಹುದು. ಎರಡನೆಯದಾದರೆ ಮೊದಲ ಹೆಸರಿನವರು ಬದುಕಿರುವಾಗ ಎರಡನೆಯವರಿಗೆ ಅಧಿಕಾರ ಇಲ್ಲ. ಅವಧಿಗೆ ಮುಂಚೆ ಮುರಿಯುವುದಾದರೆ, ಮೊದಲೇ ಬರೆದುಕೊಟ್ಟ ಮ್ಯಾಂಡೇಟ್ (ಒಪ್ಪಿಗೆ ಪತ್ರ) ಇಲ್ಲದಿದ್ದರೆ, ಈದರ್ ಆರ್ ಸರ್ವೈವರ್ ಇದ್ದರೂ ಇಬ್ಬರ ಸಹಿ ಬೇಕು. ಎಷ್ಟೋ ಮನೆಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ. ಮುರಿಯುವ ಬದಲು ಮೆಚ್ಯೂರಿಟಿ ದಿನಾಂಕ ಹತ್ತಿರವಿದೆಯಾ ನೋಡಿ.

ನಾಮಿನಿ ಆಗಿದ್ದೇನೆ, ಕೊಡಿ ಅಂತ ಬರುವವರಿದ್ದಾರೆ. ನಾಮಿನೇಷನ್ ಸತ್ತ ಮೇಲೆ ಕೆಲಸಕ್ಕೆ ಬರುವುದು.

ಪತ್ರಬರಹ_ಚಿಂತಾಮಣಿ

ಜಿಪಿಎ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಹಳ ಜನ 'ನಾಳೆ ಹಾಸಿಗೆ ಹಿಡಿದರೆ ಬೇಕಾಗುತ್ತೆ' ಅಂತಲೇ ಮಗನಿಗೆ ಜಿಪಿಎ ಮಾಡಿಸುತ್ತಾರೆ. ಆದರೆ 1872ರ ಕರಾರು ಕಾಯ್ದೆಯ ಕಲಂ 201ರ ಪ್ರಕಾರ ಕೊಟ್ಟವರು ಸತ್ತರೂ, ಬುದ್ಧಿ ಸ್ವಾಧೀನ ಕಳೆದುಕೊಂಡರೂ ಏಜೆನ್ಸಿ, ಅಂದರೆ ಜಿಪಿಎಯಿಂದ ಸಿಕ್ಕ ಅಧಿಕಾರ, ಮುಗಿಯುತ್ತದೆ. ಅಂದರೆ ಯಾವ ದಿನಕ್ಕೆ ಬೇಕು ಅಂತ ಮಾಡಿಸಿದರೋ ಆ ದಿನವೇ ಅದು ಸಾಯುತ್ತದೆ. ಜಿಪಿಎ ಜೊತೆಗೆ ಹಣ ಕೊಟ್ಟು ಅಗ್ರಿಮೆಂಟ್ ಆಗಿ, ಪಡೆದವನಿಗೇ ಆ ಆಸ್ತಿಯಲ್ಲಿ ಹಿತ ಇದ್ದರೆ ಕಲಂ 202 ಬೇರೆ ಲೆಕ್ಕ. ಮಗನಿಗೆ ಬರೀ ವಹಿವಾಟಿಗೆ ಕೊಟ್ಟದ್ದು ಅದಲ್ಲ.

ತೊಂದರೆ ಎಲ್ಲಿ ಅಂದರೆ, ಜಿಪಿಎ ಸತ್ತಿದೆ ಅನ್ನುವುದು ಕಾಗದದ ಮೇಲೆ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅದು ರಿಜಿಸ್ಟರ್ ಆದ ಹಾಗೇ ಇರುತ್ತದೆ. ಸಬ್‌ರಿಜಿಸ್ಟ್ರಾರ್ ಎದುರು ಬರುವುದು ಮಗ, ತಂದೆ ಅಲ್ಲ. ಕುಳಿತವರು ಬುದ್ಧಿ ಸ್ಥಿಮಿತದಲ್ಲಿಲ್ಲದಂತೆ ಕಂಡರೆ ನೋಂದಣಿ ನಿರಾಕರಿಸಲು 1908ರ ನೋಂದಣಿ ಕಾಯ್ದೆ ಕಲಂ 35ರಲ್ಲಿ ಅಧಿಕಾರ ಇದೆ, ಆದರೆ ಎದುರು ಇಲ್ಲದವರನ್ನು ಅವರು ಹೇಗೆ ನೋಡಬೇಕು?

ಬರೀ ತಕರಾರು ಅರ್ಜಿ ಕೊಟ್ಟರೆ ಸಬ್‌ರಿಜಿಸ್ಟ್ರಾರ್ ನಿಲ್ಲಿಸುತ್ತಾರೆ ಅಂದುಕೊಳ್ಳಬೇಡಿ. ಕೋರ್ಟಿನ ತಡೆಯಾಜ್ಞೆ ಬೇಕು. ಅರ್ಜಿಯಿಂದ ಒಂದು ಉಪಯೋಗ ಇದೆ: ಕೊಳ್ಳುವವರು ಮುಂದೆ 'ನಮಗೆ ಗೊತ್ತಿರಲಿಲ್ಲ' ಅನ್ನಲು ಆಗುವುದಿಲ್ಲ. ಕರಾರು ಕಾಯ್ದೆ ಕಲಂ 208ರಲ್ಲಿ ಹೊರಗಿನವರ ಮಟ್ಟಿಗೆ ಏಜೆನ್ಸಿ ಮುಗಿಯುವುದು ಅವರಿಗೆ ತಿಳಿದಾಗ ಅಂತ ಇದೆ. ಆದ್ದರಿಂದ ಅಡ್ವಾನ್ಸ್ ಕೊಟ್ಟವರಿಗೆ ವಕೀಲರ ಮೂಲಕ ರಿಜಿಸ್ಟರ್ ಅಂಚೆಯಲ್ಲಿ ನೋಟಿಸ್ ಹೋಗಲೇಬೇಕು, ಇದನ್ನು ಮುಂದೂಡಬೇಡಿ. ಆಸ್ಪತ್ರೆ ದಾಖಲೆಯ ಪ್ರತಿಯನ್ನೂ ಇಡಿ.

ಕ್ರಯ ಒಂದನ್ನೇ ಕಾಯುತ್ತಾ ಕೂರಬೇಡಿ. ಜಿಪಿಎಯಲ್ಲಿ ಏನೇನು ಅಧಿಕಾರ ಬರೆದಿದೆ ಓದಿ. ದಾನಪತ್ರ, ಹಕ್ಕು ಬಿಡುಗಡೆ, ಅಡಮಾನ ಅನ್ನುವ ಪದ ಇದ್ದರೆ ಅಪಾಯ ಜಾಸ್ತಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಭಾರವಲ್ಲ, ಒಂದೇ ದಿನದಲ್ಲಿ ಆಗಿಹೋಗುತ್ತದೆ.

ತುಮಕೂರು_ಸಿವಿಲ್

ಮೇಲಿನವರು ಹೇಳಿದ್ದು ಸರಿ. ತಡೆಯಾಜ್ಞೆಯ ದಾರಿ ಹೀಗೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32 ನಿಯಮ 15ರಡಿ, ಮಾನಸಿಕ ದುರ್ಬಲತೆಯಿಂದ ತನ್ನ ಹಿತ ಕಾಯ್ದುಕೊಳ್ಳಲಾರದವರ ಪರವಾಗಿ ನೆಕ್ಸ್ಟ್ ಫ್ರೆಂಡ್, ಅಂದರೆ ವಾದಮಿತ್ರ, ದಾವೆ ಹಾಕಬಹುದು. ಮೊದಲೇ ಗಾರ್ಡಿಯನ್ ಆಗಿರಬೇಕಾಗಿಲ್ಲ. ಕೋರ್ಟ್ ತಾನೇ ಸಣ್ಣ ವಿಚಾರಣೆ ಮಾಡುತ್ತದೆ: ವೈದ್ಯರ ದಾಖಲೆ ನೋಡುತ್ತದೆ, ಬೇಕಾದರೆ ವೈದ್ಯರನ್ನೇ ಕರೆಸುತ್ತದೆ, ಆ ವ್ಯಕ್ತಿಯನ್ನು ನೋಡಿ ಪ್ರಶ್ನೆ ಕೇಳುತ್ತದೆ. ದಾವೆಯ ಜೊತೆಗೇ ಆದೇಶ 39 ನಿಯಮ 1 ಮತ್ತು 2ರಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ಜಮೀನಿನ ಷೆಡ್ಯೂಲಿನಲ್ಲಿ (ದಾವೆಯಲ್ಲಿ ಆಸ್ತಿಯ ವಿವರ ಬರೆಯುವ ಪಟ್ಟಿ) ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಪಹಣಿಯಲ್ಲಿರುವಂತೆಯೇ ಇರಲಿ, ನಾಲ್ಕು ದಿಕ್ಕಿನ ಚೆಕ್‌ಬಂದಿಯೂ ಇರಲಿ. ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲಿನಂತೆ ನಂಬರ್ ಬೇರೆ ಮಾಡದ, ಜಂಟಿ ಸರ್ವೆ ನಂಬರ್ ಆದರೆ ಅನುಭವದಲ್ಲಿರುವ ಭಾಗವನ್ನು ಚೆಕ್‌ಬಂದಿಯಿಂದಲೇ ತೋರಿಸಬೇಕು, ಇಲ್ಲದಿದ್ದರೆ ತಡೆಯಾಜ್ಞೆ ಯಾವ ಜಾಗಕ್ಕೆ ಅನ್ನುವ ಜಗಳ ಹೊಸದಾಗಿ ಹುಟ್ಟುತ್ತದೆ.

ವಾದಮಿತ್ರ ಯಾರಾಗಬೇಕು? ಆ ವ್ಯಕ್ತಿಯ ಹಿತಕ್ಕೆ ವಿರುದ್ಧವಾದ ಹಿತ ಇಲ್ಲದವರು. ಚಿಕ್ಕ ಮಗ 'ನನಗೆ ಪಾಲು ಬೇಕು' ಅಂತಲೂ ಕೇಳುತ್ತಾ ತಂದೆಯ ವಾದಮಿತ್ರನೂ ಆಗುವುದಕ್ಕೆ ಆಗುವುದಿಲ್ಲ. ದೊಡ್ಡಮ್ಮ ಸೂಕ್ತ. ಆ ವ್ಯಕ್ತಿ ಪ್ರತಿವಾದಿ ಆಗಿದ್ದು, ದಾವೆಗೆ ಗಾರ್ಡಿಯನ್ ಆಗಲು ಯಾರೂ ಇಲ್ಲದಿದ್ದರೆ ಕೋರ್ಟ್ ತನ್ನ ಅಧಿಕಾರಿಯನ್ನು ನೇಮಿಸಬಹುದು. ಇನ್ನೊಂದು, ಇಂಥ ದಾವೆಯಲ್ಲಿ ರಾಜಿ ಆಗಬೇಕಾದರೆ ಆದೇಶ 32ರ ನಿಯಮ 7ರಂತೆ ಕೋರ್ಟಿನ ಅನುಮತಿ ದಾಖಲಾಗಬೇಕು. ಅನುಮತಿ ಇಲ್ಲದ ರಾಜಿಯನ್ನು ಮುಂದೆ ಆ ವ್ಯಕ್ತಿಯ ಪರವಾಗಿ ರದ್ದು ಮಾಡಿಸಬಹುದು. ಲೋಕ ಅದಾಲತ್‌ನಲ್ಲಿ ಅವಸರಕ್ಕೆ ರಾಜಿ ಮಾಡಿಸುವಾಗ ಇದು ಮರೆತುಹೋಗುತ್ತದೆ.

ಈಗ ಪಾಲಿನ ವಿಷಯ. ಅವರೇ ಕೊಂಡ ಒಂದು ಎಕರೆಯಲ್ಲಿ, ಅವರು ಬದುಕಿರುವ ತನಕ ಮಕ್ಕಳು ಯಾರಿಗೂ ಹಕ್ಕಿಲ್ಲ, ದೊಡ್ಡವನಿಗೂ ಇಲ್ಲ, ಚಿಕ್ಕವನಿಗೂ ಇಲ್ಲ. ಅದರ ಮೇಲೆ ವಿಭಾಗದ ದಾವೆ ನಿಲ್ಲುವುದಿಲ್ಲ. ತಾತನಿಂದ ಬಂದದ್ದು ಪಿತ್ರಾರ್ಜಿತ ಅಂತ ರುಜುವಾತಾದರೆ ಮಾತ್ರ ಮಕ್ಕಳಿಗೆ ಹುಟ್ಟಿನಿಂದ ಹಕ್ಕು. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ. ಆ ಭಾಗಕ್ಕೆ ವಿಭಾಗದ ದಾವೆ ಹಾಕಿದರೆ ತಂದೆ ಪ್ರತಿವಾದಿ ಆಗುತ್ತಾರೆ, ಅವರಿಗೆ ಕೋರ್ಟ್ ಗಾರ್ಡಿಯನ್ ನೇಮಿಸಲೇಬೇಕು. ನೇಮಿಸದೆ ಪಡೆದ ಡಿಕ್ರಿ ಮುಂದೆ ಉಳಿಯುವುದಿಲ್ಲ. ಎರಡನ್ನೂ ಒಂದೇ ದಾವೆಯಲ್ಲಿ ಬೆರೆಸಿ ಕೆಡಿಸಿಕೊಳ್ಳಬೇಡಿ.

ಕಂದಾಯ_ಮಧುಗಿರಿ

ತಡೆಯಾಜ್ಞೆ ಸಿಕ್ಕಿದ ಮೇಲೆ ಅದನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಸರ್ಟಿಫೈಡ್ ಕಾಪಿ ಕನಿಷ್ಠ ನಾಲ್ಕು ತೆಗೆಯಿರಿ. ಒಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಒಂದು ತಹಶೀಲ್ದಾರರಿಗೆ, ಒಂದು ಬ್ಯಾಂಕಿಗೆ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಪಹಣಿ ಕಾಲಂ 11ರಲ್ಲಿ ದಾವೆ ನಂಬರ್ ಸಹಿತ ತಡೆಯಾಜ್ಞೆ ನಮೂದಿಸಿ ಅಂತ ಸ್ಪಷ್ಟವಾಗಿ ಕೇಳಿ. ಕೊಳ್ಳಲು ಬರುವವರು ಎಲ್ಲಕ್ಕಿಂತ ಮೊದಲು ತೆಗೆಸುವುದು ಪಹಣಿ.

ಒಂದು ವೇಳೆ ಕ್ರಯ ಆಗಿಯೇಬಿಟ್ಟರೆ, ನೋಂದಣಿಯಾದ ಪತ್ರದ ಮಾಹಿತಿ ಕಾವೇರಿಯಿಂದ ಪಹಣಿ ನಡೆಸುವ ಭೂಮಿ ತಂತ್ರಾಂಶಕ್ಕೆ ತಾನಾಗಿ ಹೋಗಿ ಮ್ಯುಟೇಷನ್ (ಖಾತೆ ಬದಲಾವಣೆ) ಶುರುವಾಗುತ್ತದೆ. ತಕರಾರಿಗೆ ಕೊಡುವ ಅವಧಿ ಬಹಳ ಕಡಿಮೆ. ವಾರಕ್ಕೊಮ್ಮೆ ಆ ಸರ್ವೆ ನಂಬರಿನ ಸ್ಥಿತಿ ನೋಡುತ್ತಿರಿ. ಬರವಣಿಗೆಯಲ್ಲಿ ತಕರಾರು ಬಿದ್ದರೆ ಭೂಕಂದಾಯ ಕಾಯ್ದೆ ಕಲಂ 129ರಂತೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಆದೇಶ ವಿರುದ್ಧ ಬಂದರೆ ಕಲಂ 136(2)ರಡಿ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ 60 ದಿನದೊಳಗೆ ಮೇಲ್ಮನವಿ. ಆದರೆ ಖಾತೆ ಬದಲಾವಣೆ ತಡೆದರೆ ಕ್ರಯ ರದ್ದಾದಂತೆ ಅಲ್ಲ, ಹಕ್ಕಿನ ತೀರ್ಮಾನ ಸಿವಿಲ್ ಕೋರ್ಟಿನದೇ.

ಮಾಲೂರು, ಬಂಗಾರಪೇಟೆ ಕಡೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋದವರಿಗೆ ಒಂದು ಮಾತು ಸೇರಿಸುತ್ತೇನೆ. ಪರಿಹಾರದ ಹಣ ಪಾಲುದಾರರ ನಡುವೆ ತಕರಾರಾದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಕಲಂ 3ಎಚ್(4)ರಂತೆ ವಿಷಯ ಸಿವಿಲ್ ಕೋರ್ಟಿಗೆ ಹೋಗುತ್ತದೆ. ಹಾಸಿಗೆ ಹಿಡಿದವರ ಪಾಲು ಅಲ್ಲಿ ಉಳಿದರೆ ಅದು ನಷ್ಟ ಅಲ್ಲ, ಸುರಕ್ಷಿತ. ಮನೆಯಲ್ಲಿ ಒಬ್ಬರು 'ಎಲ್ಲರ ಪರವಾಗಿ ನಾನೇ ಪಡೆಯುತ್ತೇನೆ' ಅಂತ ನೋಟರಿ ಬಾಂಡ್ ತಂದರೆ ಸಹಿ ಹಾಕಬೇಡಿ.

ತಿಪಟೂರು_ಅಮ್ಮ

ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಮಗನಿಗೆ 19, ಬುದ್ಧಿಮಾಂದ್ಯ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇದೆ. ತಾತ ಬರೆದ ವಿಲ್‌ನಿಂದ ಅವನ ಹೆಸರಿಗೆ ತೆಂಗಿನ ತೋಟ ಬಂದಿದೆ. ಹೆತ್ತವರು ನಾವೇ ಇರುವಾಗ ಬೇರೆ ಗಾರ್ಡಿಯನ್ ಕಾಗದ ಬೇಕಾ?

ತುಮಕೂರು_ಸಿವಿಲ್

ಬೇಕು ಅಮ್ಮ. 18 ತುಂಬಿದ ದಿನದಿಂದ ತಂದೆತಾಯಿ ಸಹಜ ಗಾರ್ಡಿಯನ್ ಅಲ್ಲ. ನಿಮ್ಮದು ಈ ಚರ್ಚೆಯಲ್ಲೇ ಸುಲಭದ ದಾರಿ, ಕೋರ್ಟಿಗೆ ಹೋಗಬೇಕಾಗಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ ಕಲಂ 14ರಡಿ ಫಾರಂ ಎ ತುಂಬಿ ಸ್ಥಳೀಯ ಮಟ್ಟದ ಸಮಿತಿಗೆ ಕೊಡಿ. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ತುಮಕೂರಿನಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ಮುಂದಿನ ಸಭೆ ಯಾವಾಗ ಅಂತ ತಿಳಿಯುತ್ತದೆ. ಈ ಪ್ರಮಾಣಪತ್ರವನ್ನು ಖಾತೆ ತೆರೆಯಲು, ನಡೆಸಲು ಬ್ಯಾಂಕುಗಳು ಒಪ್ಪಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ಆದ ಮೇಲಿನ ಹೊಣೆ ಮರೆಯಬೇಡಿ. ನೇಮಕವಾದ ಆರು ತಿಂಗಳೊಳಗೆ ಮಗನ ಸ್ಥಿರ ಚರ ಆಸ್ತಿಯ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ, ಸಮಿತಿಗೆ ಕೊಡಬೇಕು. ಕಾಯಿ ಮಾರಿದ ದುಡ್ಡು ಮಗನ ಖಾತೆಗೇ ಹೋಗಲಿ, ಕೂಲಿ, ಗೊಬ್ಬರ, ಕಾಯಿ ಕೀಳಿಸಿದ್ದು ಅದರಿಂದಲೇ ಖರ್ಚಾಗಲಿ. ಮನೆಯ ದುಡ್ಡಿನ ಜೊತೆ ಬೆರೆತರೆ ಮುಂದೆ ಯಾವ ನೆಂಟರಾದರೂ ಕಲಂ 17ರಡಿ ಗಾರ್ಡಿಯನ್ ಬದಲಿಸಿ ಅಂತ ಅರ್ಜಿ ಹಾಕಿದಾಗ ನಿಮಗೆ ತೋರಿಸಲು ಏನೂ ಇರುವುದಿಲ್ಲ.

ವಾಕ್_ಗೌರಿಬಿದನೂರು

ಮಾಲೂರಿನವರಿಗೆ. ವಾಕ್ ಚಿಕಿತ್ಸೆಯ ಕೆಲಸ ನನ್ನದು, ಅದಕ್ಕೆ ಬರೆಯಲೇಬೇಕು ಅನ್ನಿಸಿತು.

ಬಲಭಾಗ ಬಿದ್ದು ಮಾತು ನಿಂತಿದೆ ಅಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಭಾಷೆಯ ಕೇಂದ್ರಗಳು ಹೆಚ್ಚಿನವರಲ್ಲಿ ಅಲ್ಲೇ ಇರುವುದು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಇದರಲ್ಲಿ ಬಗೆಗಳಿವೆ. ಕೆಲವರಿಗೆ ಮಾತು ಹೊರಡುವುದಿಲ್ಲ ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಕೆಲವರು ಧಾರಾಳವಾಗಿ ಮಾತಾಡುತ್ತಾರೆ, ಆದರೆ ಕೇಳಿದ್ದು ಅರ್ಥವಾಗುವುದಿಲ್ಲ. 'ಮಾತನಾಡುವ ಸ್ಥಿತಿಯಲ್ಲಿಲ್ಲ' ಅನ್ನುವ ಒಂದು ಸಾಲಿನಿಂದ ಇದು ತಿಳಿಯುವುದಿಲ್ಲ. ಕಣ್ಣೀರು ಬರುವುದರಿಂದಲೂ ತಿಳಿಯುವುದಿಲ್ಲ, ಲಕ್ವ ಆದ ಮೇಲೆ ಕಾರಣವಿಲ್ಲದೆ ಅಳು ಬರುವುದೂ ಇದೆ.

ನೆನಪು, ಬುದ್ಧಿ ನೋಡಲು ಸಾಮಾನ್ಯವಾಗಿ ಮಾಡುವ 30 ಅಂಕದ ಎಂಎಂಎಸ್‌ಇ ಪರೀಕ್ಷೆ ಇವರಿಗೆ ಹೊಂದುವುದಿಲ್ಲ. ಇವತ್ತು ಯಾವ ವಾರ, ಇದು ಯಾವ ಊರು, ನೂರರಿಂದ ಏಳೇಳು ಕಳೆಯಿರಿ, ಈ ವಸ್ತುವಿನ ಹೆಸರೇನು ಅಂತ ಕೇಳುತ್ತಾರೆ. ಬಾಯಿಂದ ಉತ್ತರ ಹೊರಡದವರಿಗೆ ಸೊನ್ನೆಯ ಹತ್ತಿರ ಅಂಕ ಬರುತ್ತದೆ. ಆ ಅಂಕವನ್ನೇ ಹಿಡಿದು ಬುದ್ಧಿ ಇಲ್ಲ ಅಂತ ಬರೆದುಬಿಟ್ಟರೆ ಬದುಕಿರುವ ಮನುಷ್ಯನ ಹಕ್ಕನ್ನು ಒಂದು ಕಾಗದ ಕಿತ್ತುಕೊಂಡಂತೆ. ಅಫೇಸಿಯಾಗೇ ಇರುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಪರೀಕ್ಷೆಗೆ ಕನ್ನಡ ರೂಪ ಇದೆ. ನಿಮ್ಹಾನ್ಸ್‌ನ ವಾಕ್ ವಿಭಾಗದಲ್ಲಿ ವಿಚಾರಿಸಿ. ಒಂದು ಎಚ್ಚರ, ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಹಾಗಿದ್ದರೆ ಮೊದಲೇ ಹೇಳಿ, ಮನೆಮಾತಿನಲ್ಲೇ ಪರೀಕ್ಷೆ ಆಗಬೇಕು.

ಮನೆಯಲ್ಲಿ ನೋಡಬಹುದಾದ ಒಂದು ವಿಧಾನ. ಹೌದು, ಅಲ್ಲ ಅನ್ನುವುದಕ್ಕೆ ಎರಡು ಸನ್ನೆ ಗೊತ್ತುಮಾಡಿಕೊಳ್ಳಿ, ಎಡಗೈ ಎತ್ತಿದರೆ ಹೌದು, ಕಣ್ಣು ಮುಚ್ಚಿದರೆ ಅಲ್ಲ. ಪ್ರತಿ ಪ್ರಶ್ನೆಯನ್ನೂ ತಿರುವಿ ಎರಡು ಸಲ ಕೇಳಿ. 'ನಿಮಗೆ ಮೂರು ಮಕ್ಕಳಾ?' ಅಂತ ಒಮ್ಮೆ, ಸ್ವಲ್ಪ ಹೊತ್ತು ಬಿಟ್ಟು 'ನಿಮಗೆ ಇಬ್ಬರೇ ಮಕ್ಕಳಾ?' ಅಂತ. ಎಲ್ಲಕ್ಕೂ ತಲೆ ಆಡಿಸುವವರು ಎರಡಕ್ಕೂ ಹೌದು ಅನ್ನುತ್ತಾರೆ. ಹತ್ತು ಜೋಡಿ ಪ್ರಶ್ನೆಗೆ ಸರಿಯಾಗಿ ಉತ್ತರ ಬಂದರೆ ತಡಮಾಡದೆ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಬೆಳಿಗ್ಗೆ, ತಿಂಡಿ ಆದ ಮೇಲೆ ಕೇಳಿ. ಸಂಜೆಗೆ ಸುಸ್ತಾಗಿರುತ್ತಾರೆ. ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಹಾಕಿರಿ. ಇದು ಕೋರ್ಟಿಗೆ ಸಾಕ್ಷಿ ಅಲ್ಲ, ಮುಂದಿನ ಹೆಜ್ಜೆ ಯಾವುದು ಅಂತ ತಿಳಿಯಲು ಮಾತ್ರ.

ತುಮಕೂರು_ಸಿವಿಲ್

ಇದನ್ನು ನಮ್ಮ ವಕೀಲ ಮಿತ್ರರೆಲ್ಲ ಓದಬೇಕು. ಸರ್ಟಿಫಿಕೇಟ್ ಹೇಗಿರಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಪರೀಕ್ಷೆ ಮಾಡಿದ ದಿನಾಂಕ, ಗುರುತಿನ ಮಚ್ಚೆ, ರೋಗನಿರ್ಣಯ, ಯಾವ ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರು, ಅರ್ಥ ಮಾಡಿಕೊಳ್ಳುವ ಶಕ್ತಿ ಹೇಗಿದೆ, ನೆನಪು ಹೇಗಿದೆ, ತೀರ್ಮಾನವನ್ನು ಯಾವುದಾದರೂ ರೀತಿಯಲ್ಲಿ ತಿಳಿಸಬಲ್ಲರೇ, ಹಣ ಮತ್ತು ಆಸ್ತಿಯ ವ್ಯವಹಾರ ತಿಳಿಯುತ್ತದೆಯೇ, ಸುಧಾರಿಸುವ ಸಾಧ್ಯತೆ ಇದೆಯೇ. ಇವಿಷ್ಟೂ ಬೇರೆ ಬೇರೆ ಸಾಲಿನಲ್ಲಿ ಬರಲಿ. 'ರೋಗಿ ಅಸಮರ್ಥರು' ಅಂತ ಒಂದೇ ಸಾಲಿನ ಲೆಟರ್‌ಹೆಡ್ ಪಾಟೀಸವಾಲಿನಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ.

ಚಿಕ್ಕಬಳ್ಳಾಪುರ_ನಂದಿ

ಪೂರ್ತಿ ಕೋಮಾ ಆದರೆ ಹೈಕೋರ್ಟ್ ರಿಟ್ ಅಂದಿರಿ. ಅದಕ್ಕೆ ಏನೇನು ಬೇಕು?

ತುಮಕೂರು_ಸಿವಿಲ್

2019ರಲ್ಲಿ ಕೇರಳ ಹೈಕೋರ್ಟ್ ಒಂದು ಮಾರ್ಗಸೂಚಿ ಹಾಕಿಕೊಟ್ಟಿತು. ಅದು ಇಲ್ಲಿ ಕಡ್ಡಾಯ ಅಲ್ಲ, ಆದರೆ ಅದರಂತೆ ತಯಾರಿಸಿದ ಅರ್ಜಿ ಗಟ್ಟಿ. ನ್ಯೂರಾಲಜಿಸ್ಟ್ ಇರುವ ವೈದ್ಯಕೀಯ ಮಂಡಳಿಯ ವರದಿ, ತಹಶೀಲ್ದಾರ್ ದರ್ಜೆಗೆ ಕಡಿಮೆ ಇಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ನೋಡಿ ಕೊಡುವ ವರದಿ, ಎಲ್ಲಾ ವಾರಸುದಾರರು ಪಕ್ಷಗಾರರಾಗಿರುವುದು, ಆಸ್ತಿಯ ಪೂರ್ತಿ ಪಟ್ಟಿ. ನೇಮಕ ಆದವರು ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು.

ಎಲ್ಲಿ ಎಡವುತ್ತಾರೆ ಅಂದರೆ ಕೋರಿಕೆ ಬರೆಯುವಲ್ಲಿ. 'ಸಕಲ ಆಸ್ತಿಗೆ ಗಾರ್ಡಿಯನ್ ಆಗಿ ನೇಮಿಸಿ' ಅಂತ ಪಡೆದ ಆದೇಶವನ್ನು ಬ್ಯಾಂಕಿನ ಕಾನೂನು ವಿಭಾಗ 'ನಮ್ಮ ಖಾತೆ ಇದರಲ್ಲಿ ಎಲ್ಲಿದೆ' ಅಂತ ವಾಪಸ್ ಮಾಡುತ್ತದೆ. ಶಾಖೆ, ಖಾತೆ ನಂಬರ್, ಎಫ್‌ಡಿ ನಂಬರ್, ಲಾಕರ್, ವಿಮೆ ಪಾಲಿಸಿ, ಸರ್ವೆ ನಂಬರ್ ಒಂದೊಂದೂ ಷೆಡ್ಯೂಲಿನಲ್ಲಿ ಇರಲಿ. ಹೆಸರು ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು ಇದ್ದರೆ 'ಉರುಫ್' ಹಾಕಿ ಎರಡನ್ನೂ ಬರೆಯಿರಿ. ಮನೆಯಲ್ಲೇ ಜಗಳ ಇದ್ದರೆ ಮಾತ್ರ ರಿಟ್ ಕಷ್ಟ. ವಾಸ್ತವಾಂಶವೇ ವಿವಾದದಲ್ಲಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಅನ್ನುವ ಸಾಧ್ಯತೆ ಹೆಚ್ಚು. ಎಲ್ಲರ ಒಪ್ಪಿಗೆ ಅಫಿಡವಿಟ್ ಮೊದಲೇ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಪಾಸ್‌ಬುಕ್_ಕೋಲಾರ

ಆದೇಶ ಬರುವ ತನಕ ಖರ್ಚು ಮಾಡುತ್ತಿರುವವರಿಗೆ: ಎಟಿಎಂ ಕಾರ್ಡ್ ಪಿನ್ ಗೊತ್ತಿದೆ ಅಂತ ಅವರ ಖಾತೆಯಿಂದ ಹತ್ತು ಹತ್ತು ಸಾವಿರ ತೆಗೆಯುತ್ತಾ ಹೋಗಬೇಡಿ. ಸ್ಟೇಟ್‌ಮೆಂಟಿನಲ್ಲಿ ಅದು ಬರೀ ನಗದು ಅಂತ ಕಾಣುತ್ತದೆ, ಎರಡು ವರ್ಷದ ಮೇಲೆ ಕೇಳಿದಾಗ ಡೈಪರ್‌ಗೆ ಹೋಯಿತೋ ಬೈಕಿಗೆ ಹೋಯಿತೋ ಯಾರಿಗೂ ಹೇಳಲಾಗುವುದಿಲ್ಲ. ನಿಮ್ಮ ಕೈಯಿಂದ ಹಾಕಿದ್ದಾದರೆ ಬಿಲ್ಲು ಇಡಿ. ಜೀವನಾವಶ್ಯಕ ವಸ್ತು ಒದಗಿಸಿದವರು ಅಸಮರ್ಥರ ಆಸ್ತಿಯಿಂದ ಅದನ್ನು ಪಡೆಯಬಹುದು ಅಂತ ಕರಾರು ಕಾಯ್ದೆ ಕಲಂ 68 ಹೇಳುತ್ತದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು: ದಿನಾಂಕ, ಏನು, ಎಷ್ಟು, ಬಿಲ್ ನಂಬರ್, ಯಾರ ದುಡ್ಡು. ಮನೆಗೆ ಬರುವ ನರ್ಸ್, ಫಿಸಿಯೋ ಬಿಲ್ಲು ಕೊಡುವುದಿಲ್ಲ. ತಿಂಗಳಿಗೊಮ್ಮೆ ಆ ಪುಟದಲ್ಲೇ ಸಹಿ ಹಾಕಿಸಿ. ಮೆಡಿಕಲ್ ಶಾಪಿನ ಥರ್ಮಲ್ ಬಿಲ್ಲು ಅಳಿಸಿಹೋಗುತ್ತದೆ, ಜೆರಾಕ್ಸ್ ಮಾಡಿಸಿ.

ಕಂದಾಯ_ಮಧುಗಿರಿ

ದೊಡ್ಡಮ್ಮನಿಗೆ ಊಟ ಔಷಧಿಗೇ ಕಷ್ಟ ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎಸಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಉಪವಿಭಾಗ, ಮಾಲೂರಿನವರಿಗೆ ಕೋಲಾರದ ಎಸಿ. ಜೀವನಾಂಶ ತಿಂಗಳಿಗೆ 10,000ದವರೆಗೆ. ಅರ್ಜಿಯ ನೋಟಿಸ್ ಜಾರಿಯಾದ ದಿನದಿಂದ 90 ದಿನ, ಹೆಚ್ಚೆಂದರೆ ಇನ್ನೂ 30 ದಿನದಲ್ಲಿ ಮುಗಿಸಬೇಕು ಅಂತ ಕಾಯ್ದೆ. ಆದರೆ ಗಾರ್ಡಿಯನ್ ನೇಮಕ ಇವರ ಕೆಲಸ ಅಲ್ಲ. ಸಹಾಯವಾಣಿ 14567. ವಕೀಲರ ಫೀಸಿಗೆ ಅನುಕೂಲ ಇಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಹೆಂಗಸರಿಗೆ ಮತ್ತು ಅಂಗವಿಕಲರಿಗೆ ಆದಾಯ ನೋಡದೆ ಉಚಿತ ನೆರವು. ಅದರ ಸಂಖ್ಯೆ 15100.

ಮಾಲೂರು_ಕಡೆಯವ

ಹೊಸ ಮಾಹಿತಿ. ಅಡ್ವಾನ್ಸ್ ಕೊಟ್ಟವರಿಗೆ ನೋಟಿಸ್ ಹೋಗಿದೆ. ಪರೀಕ್ಷೆ ಆಯಿತು, ತೆಲುಗಿನಲ್ಲೇ ಕೇಳಿದರು. ವರದಿ ಪ್ರಕಾರ ಅಫೇಸಿಯಾ ಇದೆ, ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿದೆ, ಹಣ, ಜಮೀನು, ಮಕ್ಕಳು ಎಲ್ಲಾ ತಿಳಿಯುತ್ತದೆ, ಹೌದು ಅಲ್ಲ ಎರಡನ್ನೂ ತಪ್ಪದೆ ತೋರಿಸುತ್ತಾರೆ. ಜಮೀನು ಮಾರಬೇಕಾ ಅಂತ ಕೇಳಿದ್ದಕ್ಕೆ ಎರಡು ಸಲವೂ ಕಣ್ಣು ಮುಚ್ಚಿದರಂತೆ. ಈಗ ಗಾರ್ಡಿಯನ್ ಅರ್ಜಿ ಹೇಗೆ ಹಾಕಬೇಕು?

ತುಮಕೂರು_ಸಿವಿಲ್

ಹಾಕಲೇಬಾರದು. ಅವರಿಗೆ ಗಾರ್ಡಿಯನ್ ಬೇಕಾಗಿಲ್ಲ. ಆದರೆ ಒಂದು ಅವಸರದ ವಿಷಯ ಗಮನಿಸಿ. ಬುದ್ಧಿ ಸ್ವಾಧೀನದಲ್ಲಿದೆ ಅಂದಮೇಲೆ ಕಲಂ 201ರಂತೆ ಜಿಪಿಎ ತಾನಾಗಿ ಮುಗಿದಿಲ್ಲ, ಅದು ಇವತ್ತಿಗೂ ಜೀವಂತ. ದಿನ ಕಳೆಯದೆ ಅವರೇ ಅದನ್ನು ರದ್ದು ಮಾಡಬೇಕು. ಕಳಿಸಿದ ನೋಟಿಸಿನಲ್ಲಿ ಜಿಪಿಎ ಮುಗಿದಿದೆ ಅಂತ ಬರೆದಿದ್ದರೆ, ವರದಿಯ ಆಧಾರದ ಮೇಲೆ ಇನ್ನೊಂದು ನೋಟಿಸ್ ಕಳಿಸಿ, ಕಾರಣ ತಿದ್ದಿ.

ಪತ್ರಬರಹ_ಚಿಂತಾಮಣಿ

ರದ್ದತಿ ಪತ್ರಕ್ಕೆ ಅವರು ಕಚೇರಿಗೆ ಬರಬೇಕಾಗಿಲ್ಲ. ವಿಶೇಷ ಕಾರಣ ಇದ್ದರೆ ಸಬ್‌ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಲು ನೋಂದಣಿ ಕಾಯ್ದೆ ಕಲಂ 31 ಇದೆ. ವೈದ್ಯರ ಪ್ರಮಾಣಪತ್ರ ಇಟ್ಟು ಬರವಣಿಗೆಯಲ್ಲಿ ಅರ್ಜಿ, ಅದಕ್ಕೆ ನಿಗದಿ ಶುಲ್ಕ. ಪತ್ರ ಚಿಕ್ಕದಿರಲಿ: 2021ರ ಜಿಪಿಎಯ ನೋಂದಣಿ ಸಂಖ್ಯೆ, ಪುಸ್ತಕ ಸಂಖ್ಯೆ, ದಿನಾಂಕ, ಈ ದಿನದಿಂದ ರದ್ದು. ಬೇರೆ ಆಸ್ತಿ ವಿಷಯ ಒಂದೂ ಸೇರಿಸಬೇಡಿ. ಬರೆದದ್ದನ್ನು ಅವರ ಮುಂದೆ ತೆಲುಗಿನಲ್ಲಿ ಓದಿ ಹೇಳಿ, ಹಾಗೆ ಓದಿ ಹೇಳಲಾಯಿತು ಅನ್ನುವ ಸಾಲು ಪತ್ರದ ಕೊನೆಗೆ ಬರಲಿ. ಎಡಗೈ ಹೆಬ್ಬೆಟ್ಟು ಅವರೇ ಎತ್ತಿ ಇಡಲಿ, ಪ್ಯಾಡ್ ಹತ್ತಿರ ಹಿಡಿದರೆ ಸಾಕು, ಕೈ ಹಿಡಿಯಬೇಡಿ. ಚಿಕ್ಕ ಮಗ, ಮಗಳು ಆ ಹೊತ್ತು ಕೋಣೆಯ ಹೊರಗಿರಲಿ. ಸಾಕ್ಷಿಗೆ ಮನೆಯವರಲ್ಲದ ಇಬ್ಬರು. ಸಾಧ್ಯವಾದರೆ ಅದೇ ಬೆಳಿಗ್ಗೆ ವೈದ್ಯರು ನೋಡಿ, ಗಂಟೆ ನಮೂದಿಸಿ ಇನ್ನೊಂದು ಪ್ರಮಾಣಪತ್ರ ಕೊಡಲಿ.

ಪಾಸ್‌ಬುಕ್_ಕೋಲಾರ

ಅದೇ ವರದಿಯ ಪ್ರತಿ ತೆಗೆದುಕೊಂಡು ಬ್ಯಾಂಕಿಗೆ ಹೋಗಿ. ಈಗ ಮೇಲೆ ಬರೆದ ಹೆಬ್ಬೆಟ್ಟಿನ ನಿಯಮ ಅವರಿಗೆ ಪೂರ್ತಿ ಅನ್ವಯ. ಮ್ಯಾನೇಜರ್ ಮನೆಗೆ ಬಂದಾಗಲೇ ಪಿಂಚಣಿ ಖಾತೆಗೆ ದೊಡ್ಡಮ್ಮನ ಹೆಸರು ಸೇರಿಸಿ ಈದರ್ ಆರ್ ಸರ್ವೈವರ್ ಮಾಡುವ ಫಾರಂ, ಎಫ್‌ಡಿ ಅವಧಿಗೆ ಮುಂಚೆ ಒಬ್ಬರೇ ಮುರಿಯಬಹುದು ಅನ್ನುವ ಮ್ಯಾಂಡೇಟ್, ಎರಡೂ ಒಂದೇ ದಿನ ಮುಗಿಸಿ. ಮ್ಯಾನೇಜರ್ ದೊಡ್ಡಪ್ಪನನ್ನೇ ಕೇಳಲಿ, ಮನೆಯವರು ಮಧ್ಯೆ ಉತ್ತರ ಹೇಳಬೇಡಿ. ಹಳೇ ಎಟಿಎಂ ಕಾರ್ಡ್ ದೊಡ್ಡ ಮಗನ ಹತ್ತಿರ ಇದ್ದರೆ ಅದನ್ನು ಬ್ಲಾಕ್ ಮಾಡಿಸುವ ಅರ್ಜಿಗೂ ಆಗಲೇ ಹೆಬ್ಬೆಟ್ಟು ಹಾಕಿಸಿ, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು ಅಂತಲೂ ನೋಡಿ.